ಹದಿನೈದು ತುಂಬದ ಮದುಮಗಳು

ಬಡಗಿಯ ಮನೆಯಲ್ಲಿ ಅವನ ಅಮ್ಮನದೇ ಕೊನೆಯ ಮಾತು. ಹಿರಿಮಗಳು ಅಪ್ಪನ ಪಕ್ಕ ಕೂತು ಹಲಗೆಗೆ ಉಪ್ಪುಕಾಗದ ಉಜ್ಜುತ್ತಲೇ ಶಾಲೆಯ ಪಾಠ ಒಪ್ಪಿಸುತ್ತಿದ್ದಳು. ಅವಳಿಗೆ ಹದಿನೈದು ತುಂಬುವ ಮೊದಲೇ ಅಜ್ಜಿ ಗಂಡು ಗೊತ್ತುಮಾಡಿದಳು.

"ಇನ್ನೂ ಓದ್ತಿದ್ದಾಳಲ್ಲಮ್ಮಾ," ಎಂದು ಅವನು ಗೊಣಗಿದ.

"ನನ್ನ ಮದುವೆಯಾದಾಗ ನನಗೆ ಹನ್ನೆರಡು. ಸತ್ತುಹೋದ್ನಾ?"

ಆ ತಿಂಗಳೇ ಅವನು ಮಗಳನ್ನು ಧಾರೆಯೆರೆದು ಕೊಟ್ಟ.

ವರ್ಷ ತಿರುಗುವುದರೊಳಗೆ ಹುಡುಗಿ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಹಣೆಬರಹ ಎಂದರು ಎಲ್ಲರೂ. ಬಡಗಿಯ ಹೆಂಡತಿ ಮಾತು ಬಿಟ್ಟಳು. ಅವನು ಉಳಿಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿಟ್ಟ.

"ಬೆಟ್ಟದ ದೇವರಿಗೆ ನಡ್ಕೊಂಡು ಹೋಗಿ ಬಾ. ಮನಸ್ಸು ಹಗುರಾಗುತ್ತೆ," ಎಂದು ಅಮ್ಮನೇ ಬುತ್ತಿ ಕಟ್ಟಿ ಕಳಿಸಿದಳು.

ಹನ್ನೆರಡು ದಿನಗಳ ದಾರಿ. ಯಾತ್ರಿಕರ ಗುಂಪಿನಲ್ಲಿ ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದಿದ್ದ ನರ್ಸಮ್ಮನೊಬ್ಬಳಿದ್ದಳು. "ನನ್ನ ಮಂಡಿ ನೋಡಿದ್ರೆ ದೇವರೇ ಇಳಿದು ಬರಬೇಕು," ಎಂದು ನಗಿಸುತ್ತಾ ನಡೆಯುತ್ತಿದ್ದಳು. ತೀರಿಕೊಂಡ ಮಗಳ ವಯಸ್ಸು ಎಷ್ಟೆಂದು ಯಾರು ಕೇಳಿದರೂ ಅವನು "ಇಪ್ಪತ್ತು" ಎನ್ನುತ್ತಿದ್ದ.

ಆರನೆಯ ದಿನ ಅಂಗಾಲಿನ ಬೊಬ್ಬೆ ಒಡೆಯಿತು. ನರ್ಸಮ್ಮ ಅವನನ್ನು ರಸ್ತೆಬದಿ ಕೂರಿಸಿ ಔಷಧಿ ಹಚ್ಚಿದಳು. ಅವನಿಗೆ ತಡೆಯಲಾಗಲಿಲ್ಲ.

"ಇಪ್ಪತ್ತಲ್ಲ ಅಕ್ಕಾ. ಮದುವೆ ಮಾಡಿದಾಗ ಹದಿನೈದೂ ತುಂಬಿರಲಿಲ್ಲ."

ಅವಳ ಕೈ ನಿಂತಿತು. "ಅಂಥ ಎಷ್ಟು ಮಕ್ಕಳ ಕಣ್ಣು ಮುಚ್ಚಿದೀನೋ ತಮ್ಮಾ. ಸೊಂಟವೇ ಬಲಿತಿರಲ್ಲ, ಹೆರೋದು ಹೇಗೆ? ಇದಕ್ಕೆ ಹಣೆಬರಹ ಅನ್ನಬೇಡ. ಕೊಟ್ಟೋರು ಯಾರು?"

"ನಾನೇ."

ಮಗಳು ಸತ್ತ ಮೇಲೆ ಅವನು ಬಿಕ್ಕಿ ಬಿಕ್ಕಿ ಅತ್ತದ್ದು ಅಂದೇ. ನರ್ಸಮ್ಮ ಅಂಗಾಲಿಗೆ ಬಟ್ಟೆ ಸುತ್ತಿದಳು. ಅಳು ನಿಲ್ಲುವವರೆಗೆ ಪಕ್ಕದಲ್ಲೇ ಕೂತಿದ್ದಳು. ಮರುದಿನದಿಂದ ಕೇಳಿದವರಿಗೆಲ್ಲ ಅವನು ನಿಜವಾದ ವಯಸ್ಸನ್ನೇ ಹೇಳಿದ. ಕೆಲವರು ಮುಖ ತಿರುಗಿಸಿಕೊಂಡರು. ಆದರೂ ಎದೆಯ ಮೇಲಿನ ಬಂಡೆ ಕೊಂಚ ಸರಿದಂತಾಯಿತು. ಗುಡಿಯ ಮುಂದೆಯೂ ಆ ವಯಸ್ಸನ್ನೇ ಮತ್ತೊಮ್ಮೆ ಹೇಳಿ ಕೈಮುಗಿದ.

ಮನೆಗೆ ಬಂದರೆ ಅಳಿಯ ಜಗಲಿಯಲ್ಲಿ ಕೂತಿದ್ದ. ಹದಿಮೂರರ ಕಿರಿಮಗಳು ಬಾಗಿಲ ಹಿಂದೆ ಅಡಗಿದ್ದಳು.

"ಸಂಬಂಧ ಕೈತಪ್ಪಬಾರದು ನೋಡು. ಕಿರಿಯವಳನ್ನೇ ಕೊಡೋಣ ಅಂತ ಮಾತು ಕೊಟ್ಟಿದೀನಿ," ಎಂದಳು ಅಮ್ಮ.

"ಕೊಡಲ್ಲ."

"ಯಾತ್ರೆ ಮಾಡಿ ಬಂದು ಹೆತ್ತವಳಿಗೆ ಎದುರಾಡ್ತೀಯಾ?"

"ಒಬ್ಬಳನ್ನ ನೀನೂ ನಾನೂ ಸೇರಿ ಕೊಂದಿದೀವಮ್ಮಾ. ಅವತ್ತು ಎದುರಾಡಿದ್ರೆ ಅವಳು ಇರ್ತಿದ್ಲು."

ಅಳಿಯ ಚಪ್ಪಲಿ ಮೆಟ್ಟಿ ಹೊರಟ. ಅಮ್ಮ ಎದೆ ಬಡಿದುಕೊಂಡಳು. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಹೆಂಡತಿ ಅಡುಗೆಮನೆಯಿಂದ ಹೊರಬಂದು, ಕಿರಿಮಗಳ ಕೈಹಿಡಿದು ಗಂಡನ ಪಕ್ಕ ನಿಂತಳು.

"ಇದೇ ಮಾತು ಅವತ್ತು ಆಡಿದ್ರೆ..." ಎಂದಳು ಅವಳು. ಅವನು ಕಿರಿಮಗಳ ಇನ್ನೊಂದು ಕೈ ಹಿಡಿದುಕೊಂಡ.