ಸ್ಕೇಲಮ್ಮನ ನಾಲ್ಕು ಗಂಟೆ

ಹೊಸ ಕಂಪ್ಯೂಟರು ಮನೆಗೆ ಬಂದ ದಿನ ಸೊಸೆಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಡಬ್ಬ ಬದಲಾಯಿಸಿದರೆ ಮಾಡಿದ ತಪ್ಪು ಬಿಟ್ಟುಹೋಗುತ್ತದೆಯೇ?

ತಪ್ಪು ಅಂದರೆ ಒಂದು ವೈರು ಕಿತ್ತದ್ದು. ಅವಳ ಅತ್ತೆ ನಕ್ಷೆ ಬಿಡಿಸುವ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವರು. ನಡೆ, ನುಡಿ, ಬೆನ್ನು ಎಲ್ಲವೂ ನೆಟ್ಟಗೆ. ಕಚೇರಿಯವರು ಇಟ್ಟ ಹೆಸರೇ ಸ್ಕೇಲಮ್ಮ. ಸೊಸೆಗೆ ಕಂಪ್ಯೂಟರು ನಡೆಸುವ ಲಿನಕ್ಸ್ ಕಲಿಸಿದ್ದೂ, ಪುಸ್ತಕದ ಪುಟ ಜೋಡಿಸುವ ಕೆಲಸ ಹಿಡಿಸಿದ್ದೂ ಅವರೇ. ಜೊತೆಗೊಂದು ಉಪದ್ರವವನ್ನೂ ಅಂಟಿಸಿದ್ದರು. ದಿನಾ ನಾಲ್ಕಕ್ಕೆ ಸರಿಯಾಗಿ ಕಂಪ್ಯೂಟರು ತಾನಾಗಿಯೇ ಅವರ ದನಿಯಲ್ಲಿ ಕೂಗುವಂತೆ ಮಾಡಿಟ್ಟಿದ್ದರು: "ಏ ಗೂನಿ, ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತ್ಕೊಳ್ಳೆ!"

ಕೆಲಸ ಕತ್ತಿನವರೆಗೆ ಬಂದಿದ್ದ ಒಂದು ದಿನ ಸೊಸೆ ಸ್ಪೀಕರಿನ ವೈರು ಕಿತ್ತು ಮೂಲೆಗೆಸೆದಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಜಗಳ ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪುಣ್ಯಾತ್ಗಿತ್ತಿ ಒಂದು ಮಾತೂ ಆಡಲಿಲ್ಲ. ಇಪ್ಪತ್ತೇ ದಿನಕ್ಕೆ ಎದೆನೋವು ಬಂದು ಕಣ್ಣು ಮುಚ್ಚಿದರು. ಮುನಿಸಿಕೊಂಡೇ ಹೋದರೇನೋ ಎಂಬ ಪ್ರಶ್ನೆ ಸೊಸೆಯ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತು.

ಆಮೇಲೂ ದಿನಾ ನಾಲ್ಕಕ್ಕೆ ಹಳೆಯ ಡಬ್ಬ ಯಾರೂ ಮುಟ್ಟದೆ ಕರಕರ ಅನ್ನುತ್ತಿತ್ತು. ದನಿಯಿಲ್ಲ, ಬರೀ ಸದ್ದು. ಗಂಟಲು ಕಟ್ಟಿದವರು ಏನೋ ಹೇಳಲು ಹೆಣಗಿದ ಹಾಗೆ. ವೈರನ್ನು ಮತ್ತೆ ಸಿಕ್ಕಿಸುವ ಧೈರ್ಯ ಅವಳಿಗಿರಲಿಲ್ಲ. ಆ ಹೊತ್ತಿಗೆ ಎದ್ದು ಅಡುಗೆಮನೆ ಸೇರಿಬಿಡುತ್ತಿದ್ದಳು. ಮೂರು ತಿಂಗಳಿಗೆ ಆ ಡಬ್ಬವೂ ಸುಟ್ಟುಹೋಯಿತು. ಪೀಡೆ ತೊಲಗಿತು ಅಂದುಕೊಂಡಳು, ಹಾಗಂದುಕೊಂಡದ್ದಕ್ಕೆ ತನ್ನ ಮೇಲೇ ಹೇಸಿಕೊಂಡಳು.

ಹೊಸದನ್ನು ಜೋಡಿಸಲು ಬಂದ ಅಂಗಡಿಯವನು ಸುಡದೆ ಉಳಿದಿದ್ದ ಹಳೆಯ ಡಿಸ್ಕನ್ನೇ ಅದರೊಳಗೆ ಕೂರಿಸಿದ.

"ಎಲ್ಲ ಹೊಸದಾಗಿ ಹಾಕ್ಬೇಕಲ್ವಾ?" ಎಂದು ಅವಳು ಕೇಳಿದಳು.

"ನಿಮ್ಮದು ಲಿನಕ್ಸ್ ಅಕ್ಕಾ, ತಲೆ ಕೆಡಿಸ್ಕೋಬೇಡಿ. ಮೈ ಹೊಸದು, ಜೀವ ಹಳೇದು. ಏನೂ ಆಗೇ ಇಲ್ಲ ಅನ್ನೋ ಹಾಗೆ ಎದ್ದು ಕೂರುತ್ತೆ ನೋಡಿ."

ಎದ್ದು ಕೂತಿತು. ಪರದೆಯ ಮೇಲೆ, ಅತ್ತೆ ಕಂಪ್ಯೂಟರಿಗೆ ಇಟ್ಟಿದ್ದ ಹೆಸರು, 'ಸ್ಕೇಲಮ್ಮ' ಎಂದು ಮೂಡಿತು. ಅವಳಿಗೆ ಇದ್ದ ಸಮಾಧಾನ ಒಂದೇ, ಸ್ಪೀಕರ್ ಕೊಂಡಿರಲಿಲ್ಲ. ಹೊಸ ಪರದೆಯ ಬೆನ್ನಲ್ಲೇ ಸ್ಪೀಕರ್ ಇದೆಯೆಂದು ಪಾಪ, ಅವಳಿಗೆ ಯಾರು ಹೇಳಬೇಕು!

ಅಂಗಡಿಯವನು ಹೋದ. ನಾಲ್ಕಾಯಿತು.

ಮೊದಲು ಒಂದು ಕೆಮ್ಮು. ಆಮೇಲೆ, "ಏ ಗೂನಿ."

ಅವಳು ಹಳೆಯ ಬೈಗುಳಕ್ಕೆ ಕಣ್ಣು ಮುಚ್ಚಿ ಕಾದಳು. ಬಂದದ್ದು ಬೇರೆ.

"ವೈರ್ ಕಿತ್ತಿದ್ದೀಯ, ಗೊತ್ತು ಕಣೆ. ಕೇಳಿಸಲ್ಲ ಅಂತಾನೇ ಧೈರ್ಯ ಮಾಡಿ ಹೇಳ್ತಿದ್ದೀನಿ, ಎದುರಿಗೆ ಹೇಳೋಕೆ ನಾಲಿಗೆ ಏಳಲ್ಲ. ಬಗ್ಗಿ ಬಗ್ಗಿ ಗೆರೆ ಎಳೆದು ನನ್ನ ಬೆನ್ನು ಯಾವತ್ತೋ ಹೋಯ್ತು. ಸೀರೆ ಒಳಗೆ ಸೊಂಟಕ್ಕೆ ಪಟ್ಟಿ ಕಟ್ಕೊಂಡು ನೆಟ್ಟಗೆ ನಿಲ್ತೀನಿ, ಅಷ್ಟೇ. ಮಗನಿಗೂ ಹೇಳಿಲ್ಲ. ನಿನಗೆ ಹಾಗಾಗ್ಬಾರದು ಅಂತ ಕೂಗ್ತಿದ್ದೆ. ಕೋಪ ಗೀಪ ಏನಿಲ್ಲ ನನಗೆ. ನನಗೆ ಮಗನಿಗಿಂತ ನೀನೇ ಹೆಚ್ಚು, ಮುಂಡೇದೆ."

ದನಿ ನಿಂತಿತು. ಸಾಯುವ ಮುಂಚಿನ ಆ ಇಪ್ಪತ್ತು ದಿನದಲ್ಲಿ ಅತ್ತೆ ಹಳೆಯ ಕೂಗನ್ನು ಅಳಿಸಿ ಇದನ್ನು ತುಂಬಿಟ್ಟಿದ್ದರು. ಹಳೆಯ ಡಬ್ಬ ಮೂರು ತಿಂಗಳು ಕರಕರ ಅಂದದ್ದು ಇದನ್ನೇ. ಅವಳು ಅಡುಗೆಮನೆಯಲ್ಲಿ ಅಡಗಿ ನಿಂತಿದ್ದಾಗ ದಿನಾ ಇದನ್ನೇ ಹೇಳಿತ್ತು.

ಸೊಸೆ ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.

"ಕೇಳಿಸ್ತು ಅತ್ತೆ," ಅಂದಳು. "ಈಗ ಕೇಳಿಸ್ತು."