ಕತ್ತಲಲ್ಲಿಟ್ಟ ಡಬ್ಬಿ

ಗುಂಡಿಗಳೆಲ್ಲ ಖಾಲಿಯಾಗಿದ್ದವು. ಮಂಡ್ಯದ ಕಾಲೇಜಿನ ಲ್ಯಾಬಿನಲ್ಲಿ ಚಂದನ ಮೀಟರಿನ ತಂತಿಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿದಳು. ಪರದೆಯ ಮೇಲೆ ನಾಲ್ಕು ತಿಂಗಳ ಹಳೆಯ ಸ್ಯಾಂಪಲ್ಲಿನ ಗೆರೆ ಹೊಸದರ ಹಾಗೆಯೇ ಚೊಕ್ಕಟವಾಗಿ ಮೇಲೇರಿತು.

ಹಾಗಾಗಕೂಡದಿತ್ತು. ಅವಳ ಸಂಶೋಧನೆ ಗಾಜಿನ ಮೇಲೆ ಬಳಿದ, ಪ್ಲಾಸ್ಟಿಕ್ಕಿನಂಥ ಒಂದು ತೆಳು ಪದರದ ಬಗ್ಗೆ. ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳು ನಾಲೆಯ ನೀರಿನಂತೆ ಹರಿದುಹೋಗುತ್ತವೆ. ಇಂಥ ಪದರದಲ್ಲಿ ಒಂದು ಅಣುವಿನಿಂದ ಇನ್ನೊಂದಕ್ಕೆ ಹಾರಿ ಹಾರಿ ದಾಟಬೇಕು. ಒಂದಿಷ್ಟು ತೇವ ಸೇರಿಕೊಂಡ ಕಡೆಯಲ್ಲೆಲ್ಲ ಒಂದು ಗುಂಡಿ. ಬಿದ್ದ ಎಲೆಕ್ಟ್ರಾನು ಅಲ್ಲೇ ಕೂತು ಹಿಂದೆ ಬರುವವನ್ನೂ ತಡೆಯುತ್ತದೆ, ಕರೆಂಟು ಸೊರಗುತ್ತದೆ. ಬೆಳಕು ಬಿದ್ದರೆ ಬೇಗ ಮೇಲೆದ್ದು ಬರುತ್ತವೆ. ಕತ್ತಲಲ್ಲಿ ಎಷ್ಟು ಕಾಲ ಕೂತಿರುತ್ತವೆ ಎನ್ನುವುದೇ ಅವಳ ಪ್ರಶ್ನೆ. ಅದಕ್ಕೇ ಗುಂಡಿಗಳಿಗೆಲ್ಲ ಎಲೆಕ್ಟ್ರಾನು ತುಂಬಿಸಿ ಸ್ಯಾಂಪಲ್ಲನ್ನು ಕತ್ತಲಲ್ಲಿಟ್ಟಿದ್ದಳು. ವರ್ಷಗಟ್ಟಲೆ ಇರುತ್ತವೆಂದು ಅವಳ ಊಹೆ.

ಗೈಡ್ ಸ್ವರೂಪ್ ಸರ್ ಗೆರೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ನಾಲ್ಕೇ ತಿಂಗಳಲ್ಲಿ, ಅದೂ ಕತ್ತಲಲ್ಲಿ, ತಾವಾಗೇ ಖಾಲಿಯಾಗಿವೆ! ಇದನ್ನ ಯಾರೂ ಕಂಡಿಲ್ಲ ಕಣಮ್ಮ. ಬರೆದು ಕಳಿಸೋಣ. ನಿನ್ನ ಪಿಎಚ್‌ಡಿ ಮುಗೀತು ಅಂದ್ಕೊ. ಡಬ್ಬಿ ಯಾರೂ ತೆಗೆದಿಲ್ಲ ತಾನೆ?"

"ಅಲ್ಲಿ ಯಾರೂ ಇಲ್ಲ ಸರ್," ಎಂದಳು.

ಅಲ್ಲಿ ಎಂದರೆ ದುದ್ದದ ಅವರ ಮನೆ. ಅಣ್ಣ ಯತೀಶ ಕಾಮಾಲೆಯಾಗಿ ನಡುಮನೆಯಲ್ಲೇ ತೀರಿಕೊಂಡಾಗ, ಸತ್ತ ನಕ್ಷತ್ರ ಕೆಟ್ಟದ್ದು, ಆರು ತಿಂಗಳು ಮನೆ ಬಿಡಬೇಕು ಎಂದು ಜೋಯಿಸರು ಹೇಳಿದ್ದರು. ಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡ ಇಟ್ಟು ತಾಯಿ ಮಗಳು ಎದುರಿನ ಚಿಕ್ಕಪ್ಪನ ಮನೆ ಸೇರಿದ್ದರು. ಲ್ಯಾಬಿನಲ್ಲಾದರೆ ಕಂಡಕಂಡವರು ಮುಚ್ಚಳ ತೆಗೆಯುತ್ತಾರೆ; ಯಾರೂ ಕಾಲಿಡದ ಜಾಗ ಇದೊಂದೇ. ಹಿತ್ತಲ ಬಾಗಿಲಿಂದ ಕದ್ದು ನುಗ್ಗಿ, ಸ್ಯಾಂಪಲ್ಲಿದ್ದ ಕಪ್ಪು ಡಬ್ಬಿಯನ್ನು ನಡುಮನೆಯಲ್ಲಿಟ್ಟು ಬಂದಿದ್ದಳು. ಮೊನ್ನೆ ಅದನ್ನು ತರಲು ಹೋದಾಗ ಮುಚ್ಚಿದ ಮನೆಯ ಮುಗ್ಗಲು ವಾಸನೆ ಅಲ್ಲಿರಲಿಲ್ಲ. ಯಾರೋ ಈಗಷ್ಟೇ ಎದ್ದುಹೋದ ಹಾಗಿತ್ತು. ಡಬ್ಬಿಯ ಮೇಲೆ ಧೂಳೂ ಇರಲಿಲ್ಲ. ತಿರುಗಿ ನೋಡದೆ ಓಡಿಬಂದಿದ್ದಳು.

ದುದ್ದದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಈಗ ಅದೇ ಯೋಚನೆ. ಚಿಕ್ಕಂದಿನಲ್ಲಿ ಅಣ್ಣ ಅವಳ ಯಾವ ಡಬ್ಬಿಯನ್ನೂ ಮುಚ್ಚಿರಲು ಬಿಟ್ಟವನಲ್ಲ.

ಚಿಕ್ಕಪ್ಪನ ಜಗುಲಿಯ ಮೇಲೆ ಅವ್ವ ದೇವಿರಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವ, ನಮ್ಮನೆ ಒಳಕ್ಕೆ ಯಾರಾದ್ರೂ ಓಗಿದ್ರಾ?"

ಅವ್ವನ ಕೈ ನಿಂತಿತು. "ಮೆಲ್ಲಗೆ ಮಾತಾಡು, ನಿಮ್ಮ ಚಿಕ್ಕಪ್ಪ ಒಳಗವ್ನೆ. ನಾನೇ ಕಣವ್ವ, ದಿನಾ ಸಂಜೆ ಓಯ್ತಿದ್ದೆ. ಕತ್ಲೇಲಿ ಮಗ ಒಬ್ನೇ ಅವ್ನಲ್ಲ ಅಂತ ದೀಪ ಅಚ್ಚಿ ಬತ್ತಿದ್ದೆ."

"ಡಬ್ಬಿ?"

"ನೀನು ಕದ್ದು ಓಗಿ ಇಟ್ಟಿದ್ದು ನೋಡಿದ್ದೆ. ಅಣ್ಣಂಗೆ ಎಡೆ ಇಟ್ಟವ್ಳೆ ಅಂತ ಕರುಳು ಚುರುಕ್ ಅಂತು. ಒಳಗೆ ಗಾಜಿನ ಚೂರಿತ್ತು, ನಿಮ್ಮಿಬ್ರದ್ದೇ ಏನೋ ಇರ್ಬೇಕು ಅನ್ಕಂಡೆ. ಅಲ್ಲ, ಇಷ್ಟು ಓದಿದೀಯ, ಎಡೇನ ಯಾರಾರ ಮುಚ್ಚಿಡ್ತಾರಾ? ಅವ್ನು ಎಂಗ್ ತಕ್ಕಂಡಾನು? ಮುಚ್ಚಳ ತಗ್ದು ದೀಪದ ಮುಂದ್ಕಿಟ್ಟು, ವಸಿ ಒತ್ತು ಕೂತಿದ್ದು, ಆಮ್ಯಾಕೆ ಮುಚ್ಚಿ ಬತ್ತಿದ್ದೆ."

ಚಂದನ ಜಗುಲಿಯ ಅಂಚಿಗೆ ಕೂತಳು. ಭಯ ಹೋಗಬೇಕಿತ್ತು. ಬದಲಿಗೆ, ಡಬ್ಬಿ ತೆಗೆದದ್ದು ಅಣ್ಣನಲ್ಲವಲ್ಲ ಎಂದು ಅಳು ಬಂತು.

"ಅದ್ರಾಗಿದ್ದದ್ದು ಅಂಗೇ ಅದಾ?" ಅವ್ವ ಕೇಳಿದಳು.

"ಇಲ್ಲ. ಖಾಲಿಯಾಗ್ಬುಟ್ಟದೆ."

"ತಕ್ಕಂಡವ್ನೆ." ಮಗ ಹೋದ ಮೇಲೆ ಮೊದಲ ಸಲ ಅವ್ವನ ಮುಖ ಸಡಿಲವಾಯಿತು.

ಅದು ದೀಪದ ಕೆಲಸ ಎಂದು ಚಂದನ ಅವಳಿಗೆ ಹೇಳಲಿಲ್ಲ. ಸರ್‌ಗೆ ಹೇಳದೆ ಇರುವಂತಿರಲಿಲ್ಲ. ಅಲ್ಲಿಂದಲೇ ಫೋನು ಮಾಡಿದಳು. "ಬೆಳಕು ಬಿದ್ದಿದೆ ಸರ್, ದಿನಾ. ಅದನ್ನ ಕಳಿಸೋಕಾಗಲ್ಲ."

ಆ ಕಡೆಯಿಂದ ಸ್ವರೂಪ್ ಸರ್, "ಮೊದಲಿಂದ ಮಾಡು ಹಾಗಾದ್ರೆ," ಎಂದರು.

"ಇನ್ನೊಂದು ಇಡ್ತೀನಿ ಸರ್."

ಅವ್ವ ಅವರೆಕಾಯಿ ಮೊರವನ್ನು ಆಚೆ ತಳ್ಳಿ ಹತ್ತಿರ ಸರಿದಳು. "ಇಡವ್ವ," ಎಂದು ಪಿಸುಗುಟ್ಟಿದಳು. "ಈ ಸಲ ವಸಿ ಜಾಸ್ತಿ ಇಡು."