ಮೈನಾ ಕಾರಿನ ಚೋಟಿ

ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಬಣ್ಣದ ಟಿ.ವಿ.ಯ ಮಾತು ಶುರುವಾಗಿದ್ದ ವರ್ಷ ಅದು. ಸನತ್‌ನಗರದ ಆಚೆ ಮೂಸಿ ಮೋಟಾರ್ಸ್ ಎಂಬ ಕಂಪನಿ 'ಮೈನಾ' ಅಂತ ಒಂದು ಪುಟ್ಟ ಕಾರು ತಯಾರಿಸುತ್ತಿತ್ತು. ಸೀಟಿನಿಂದ ಹಿಡಿದು ಬಾಗಿಲ ಹಿಡಿಕೆಯವರೆಗೆ ಎಲ್ಲವೂ ಗೇಟಿನ ಒಳಗೇ ತಯಾರಾಗಬೇಕು ಎನ್ನುವುದು ಅಲ್ಲಿನ ಹಳೆಯ ಮಾಲೀಕರ ಹಟ. ಹೊರಗಿನವರಿಂದ ತರುತ್ತಿದ್ದದ್ದು ಟೈರು ಮತ್ತು ಗಾಜು ಮಾತ್ರ.

ಲಿಂಗಸುಗೂರು ಕಡೆಯಿಂದ ಬಂದ ಕಲ್ಯಾಣಪ್ಪ ಅಲ್ಲಿ ವಯರಿಂಗ್ ವಿಭಾಗದ ಮುಖ್ಯಸ್ಥ. ಬ್ಯಾಟರಿಯಿಂದ ದೀಪಕ್ಕೆ, ಹಾರ್ನಿಗೆ, ವೈಪರಿಗೆ ಹೋಗುವ ಬಣ್ಣ ಬಣ್ಣದ ವಯರುಗಳನ್ನೆಲ್ಲ ಒಟ್ಟು ಸೇರಿಸಿ, ಮೇಲೆ ಟೇಪು ಸುತ್ತಿ, ಒಂದು ಉದ್ದನೆಯ ಕಟ್ಟು ಮಾಡುವುದು ಅವನ ವಿಭಾಗದ ಕೆಲಸ. ಹಳೇ ಶಹರದಿಂದ ಬರುತ್ತಿದ್ದ ಕೆಲಸಗಾರರು ಅದನ್ನು 'ಚೋಟಿ' ಎನ್ನುತ್ತಿದ್ದರು. ಚೋಟಿ ಅಂದರೆ ಜಡೆ. ಕಾರ್ಖಾನೆಯ ತುಂಬ ಅದೇ ಹೆಸರು ನಿಂತಿತು.

ಚೋಟಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಬೇಗ ಬರುತ್ತಿರಲಿಲ್ಲ. ಬಣ್ಣ ಬಳಿದು, ಚಕ್ರ ಹಾಕಿ, ಸೀಟು ಕೂರಿಸಿದ ಮೈನಾಗಳು ಚೋಟಿಗಾಗಿ ಅಂಗಳದಲ್ಲಿ ಸಾಲಾಗಿ ಕಾಯುತ್ತ ನಿಲ್ಲುತ್ತಿದ್ದವು. ಮೈಸೂರಿನಿಂದ ಹೊಸದಾಗಿ ಬಂದ ಮ್ಯಾನೇಜರ್ ಸುಬ್ಬರಾಯರು ಒಂದು ದಿನ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದರು.

"ಕಲ್ಯಾಣಪ್ಪನವರೇ, ಬೇಜಾರು ಮಾಡ್ಕೋಬೇಡಿ. ಚೋಟಿಯನ್ನ ಹೊರಗೆ ಕೊಡೋಣ ಅಂತಿದ್ದೀನಿ, ಮಾಲೀಕರನ್ನೂ ಒಪ್ಪಿಸಿದ್ದೀನಿ. ನಿಮ್ಮ ಹುಡುಗರಿಗೆ ಬೇರೆ ಕೆಲಸ ಇದ್ದೇ ಇದೆ," ಎಂದರು.

ಅಂದು ಸಂಜೆ ಮೆಹದಿಪಟ್ಟಣಂನ ಮನೆಯಲ್ಲಿ ಕಲ್ಯಾಣಪ್ಪ ರೊಟ್ಟಿ ಮುರಿಯುತ್ತಲೇ ಇದ್ದ, ತಿನ್ನುತ್ತಿರಲಿಲ್ಲ.

"ಹೊರಗ ಕೊಡ್ತಾರಂತ! ಹೊರಗಿನಾವ ಕಾರು ನೋಡಿರಂಗಿಲ್ಲ, ಏನಿಲ್ಲ. ನಮ್ಮ ಚೋಟಿ ಅಂವಾ ಹೆಂಗ ಕಟ್ತಾನ?"

ಹೆಂಡತಿ ಶಿವದೇವಿ ಪಲ್ಯ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಮದುವೆಗೆ ಮುಂಚೆ ಅವಳು ರೇಡಿಯೊ ತಯಾರಿಸುವ ಕಾರ್ಖಾನೆಯೊಂದರಲ್ಲಿ ವಯರು ಬೆಸೆಯುವ ಕೆಲಸ ಮಾಡಿದ್ದಳು. ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಹಗಲೆಲ್ಲ ಕೈ ಖಾಲಿ.

"ಹೊರಗಿನಾವ ಯಾಕ್ರಿ? ಹೊರಗಿನಾಕಿ ಆಗಬಾರದೇನು? ನಾ ಕಟ್ತೀನಿ."

ಕಲ್ಯಾಣಪ್ಪ ನಕ್ಕುಬಿಟ್ಟ. ಅದೇ ತಪ್ಪಾಯಿತು.

ಮರುದಿನ ಬೆಳಿಗ್ಗೆ ಶಿವದೇವಿ ಪಕ್ಕದ ಮನೆಯ ಸೂಗಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಕಲ್ಯಾಣಪ್ಪ ಯಾವುದೋ ಕೆಲಸಕ್ಕೆಂದು ಸುಬ್ಬರಾಯರ ಕೋಣೆಗೆ ಹೋದರೆ, ಅಲ್ಲಿ ತನ್ನ ಹೆಂಡತಿಯೇ ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಳೆ! ಸೂಗಮ್ಮ ಸೆರಗಿನ ಮರೆಯಲ್ಲಿ ನಗು ನುಂಗಿದಳು.

"ಬನ್ನಿ ಬನ್ನಿ," ಎಂದರು ಸುಬ್ಬರಾಯರು. "ಇವರು ಕೇಳೋ ಪ್ರಶ್ನೆ ಯಾವ ಸಪ್ಲೈಯರೂ ಕೇಳಲಿಲ್ಲ. ವಯರು ಎಲ್ಲಿ ಬಿಸಿ ಆಗುತ್ತೆ, ಎಲ್ಲಿ ಉಜ್ಜುತ್ತೆ ಅಂತೆಲ್ಲ ಕೇಳ್ತಿದ್ದಾರೆ. ನಿಮಗೆ ಪರಿಚಯ ಮಾಡಿಸ್ಲಾ?"

"ಬ್ಯಾಡ್ರಿ ಸಾಹೇಬ್ರ," ಎಂದ ಕಲ್ಯಾಣಪ್ಪ. "ಪರಿಚಯ ಆಗಿ ಭಾಳ ದಿನ ಆತು."

ಪರೀಕ್ಷೆಗೆಂದು ಕೆಲವು ಚೋಟಿ ಕಟ್ಟಿಕೊಡಲು ಶಿವದೇವಿಗೆ ಒಪ್ಪಿಗೆ ಸಿಕ್ಕಿತು. ಅಳತೆಗೆ ಕಾರ್ಖಾನೆಯಿಂದ ಒಂದು ಹಳೆಯ ಚೋಟಿಯನ್ನೇ ಕೊಟ್ಟರು. ಮನೆಯ ನಡುಕೋಣೆಗೆ ಒಂದು ದೊಡ್ಡ ಹಲಗೆ ಬಂತು. ಕಲ್ಯಾಣಪ್ಪನ ಮಂಚ ವರಾಂಡಕ್ಕೆ ಹೋಯಿತು. ಶಿವದೇವಿ ಹಳೆಯ ಚೋಟಿಯನ್ನು ಹಲಗೆಯ ಮೇಲೆ ಹರಡಿ, ಅದು ತಿರುಗಿದ ಕಡೆಯೆಲ್ಲ ಮೊಳೆ ಹೊಡೆದಳು. ಮೊಳೆಯಿಂದ ಮೊಳೆಗೆ ವಯರು ಎಳೆದರೆ ಸಾಕು, ಅಳತೆ ತಾನಾಗಿಯೇ ಬರುತ್ತಿತ್ತು. ಓಣಿಯ ಹೆಂಗಸರು ಅಡುಗೆ ಮುಗಿಸಿ ಒಬ್ಬೊಬ್ಬರಾಗಿ ಬಂದರು. ತೆಲುಗು, ಕನ್ನಡ, ಹಿಂದಿ ಎಲ್ಲ ಕಲಸಿ ಮಾತು. ಮಾತಿನಷ್ಟೇ ವೇಗದಲ್ಲಿ ಕೈ. ಕಲ್ಯಾಣಪ್ಪನ ತಾಯಿ ಅಂಬವ್ವ ಮೊದಮೊದಲು ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಆಮೇಲೆ ಟೇಪಿನ ಉಂಡೆ ಕಸಿದುಕೊಂಡಳು.

"ಕೌದಿ ಹೊಲಿದ ಕೈ ಇದು. ಇಷ್ಟು ಸುತ್ತಾಕ ಬರಂಗಿಲ್ಲೇನು ನನಗ?"

ಕಲ್ಯಾಣಪ್ಪ ಕೆಲಸದಿಂದ ಬಂದವನು ಹಲಗೆಯ ಕಡೆ ನೋಡಬಾರದೆಂದು ಗೋಡೆಯನ್ನು ನೋಡುತ್ತ ಒಳಗೆ ಹೋಗುತ್ತಿದ್ದ. ಒಂದು ಸಂಜೆ ಮಾತ್ರ ತಡೆಯಲಾಗಲಿಲ್ಲ. ಸೂಗಮ್ಮ ಟೇಪು ಸಡಿಲ ಸುತ್ತುತ್ತಿದ್ದುದು ಕಣ್ಣಿಗೆ ಬಿತ್ತು.

"ಸೂಗಮ್ಮಾರ, ಜಗ್ಗಿ ಸುತ್ರಿ. ಹಂಗ ಬಿಟ್ರ ಬ್ಯಾಸಗ್ಯಾಗ ಬಿಚ್ಚಿಕೋತದ."

"ನೀವು ಆ ಕಡಿ ಪಾರ್ಟಿ," ಎಂದಳು ಶಿವದೇವಿ, ತಲೆಯೆತ್ತದೆ. "ವರಾಂಡಕ್ಕ ಹೋಗ್ರಿ. ಚಹಾ ಅಲ್ಲೇ ಬರ್ತದ."

ಅವನು ಹೋದ ಮೇಲೆ ಸೂಗಮ್ಮ ಸದ್ದಿಲ್ಲದೆ ಟೇಪು ಬಿಚ್ಚಿ, ಜಗ್ಗಿ ಸುತ್ತಿದಳು.

ಪರೀಕ್ಷೆಯ ದಿನ ಹೆಂಗಸರೆಲ್ಲ ಒಳ್ಳೆಯ ಸೀರೆ ಉಟ್ಟು, ಚೋಟಿಗಳನ್ನು ಹೂವಿನ ಬುಟ್ಟಿಯಂತೆ ಎತ್ತಿಕೊಂಡು ಕಾರ್ಖಾನೆಗೆ ಬಂದರು. ಕಲ್ಯಾಣಪ್ಪನ ವಿಭಾಗದ ವೈಜನಾಥ ಮೊದಲ ಕಾರಿಗೆ ಚೋಟಿ ಕೂರಿಸಿದ. ಗುಂಡಿ ಒತ್ತಿದರೆ ಮುಂದಿನ ದೀಪ ಹತ್ತಿತು, ಹಿಂದಿನದು ಹತ್ತಿತು, ಹಾರ್ನು ಕೂಗಿತು. ಹೆಂಗಸರು ಚಪ್ಪಾಳೆ ಹೊಡೆದರು. ಸುಬ್ಬರಾಯರೂ ಹೊಡೆದರು.

ಎರಡನೇ ಕಾರಿನಲ್ಲಿ ಎಡವಟ್ಟಾಯಿತು. ಚೋಟಿಯ ಬಾಲ ಹಿಂದಿನ ದೀಪದ ತನಕ ಬರಲೇ ಇಲ್ಲ. ವೈಜನಾಥ ಎಳೆದ, ಬಗ್ಗಿಸಿದ. ಒಂದು ಗೇಣು ಕಡಿಮೆ.

"ಹೊರಗಿನ ಮಾಲು ನೋಡ್ರಪಾ!" ಎಂದ ಅವನು. ಸುತ್ತ ನಿಂತ ಗಂಡಸರೆಲ್ಲ ಗೊಳ್ಳೆಂದರು.

ಶಿವದೇವಿಯ ಮುಖ ಕೆಂಪಾಯಿತು. "ಎಲ್ಲಾ ಒಂದ ಹಲಗಿ ಮ್ಯಾಲ ಕಟ್ಟೀವಿ. ಕಡಿಮಿ ಹೆಂಗಾಗ್ತದ?" ಎಂದು ತನಗೇ ಹೇಳಿಕೊಂಡಂತೆ ಅಂದಳು.

ಕಲ್ಯಾಣಪ್ಪ ಗೆದ್ದಿದ್ದ. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಚೋಟಿ ಒಳಗೇ ಉಳಿಯುತ್ತಿತ್ತು. ಆದರೆ ಅವನಿಗೆ ನಗು ಬರಲಿಲ್ಲ. ಆ ಹಲಗೆಯ ಮೇಲಿನ ಒಂದೊಂದು ಮೊಳೆಯನ್ನೂ ಅವನು ವರಾಂಡದ ಕಿಟಕಿಯಿಂದ ಕದ್ದು ನೋಡಿದ್ದ. ತಪ್ಪು ಅಲ್ಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಗಾದರೆ ಎಲ್ಲಿ? ಎರಡನೇ ಕಾರಿನ ಚೋಟಿಯನ್ನು ಬಿಡಿಸಿ ತಂದು ಮೊದಲನೇ ಕಾರಿಗೆ ಹಿಡಿದ. ಸರಿಯಾಗಿ ಕೂತಿತು. ಮೂರನೇ ಕಾರಿಗೆ ಹಿಡಿದ. ಅಲ್ಲಿ ಬಾಲ ಉದ್ದವಾಗಿ ನೇತಾಡಿತು. ಅವನ ಕಣ್ಣು ಅರಳಿತು.

"ನಗಬ್ಯಾಡ್ರಿ! ಚೋಟಿ ಬರೋಬ್ಬರಿ ಐತಿ. ನಮ್ಮ ಕಾರ ಬರೋಬ್ಬರಿ ಇಲ್ಲ!"

ನಗು ನಿಂತಿತು.

"ಏನು ಹಾಗಂದ್ರೆ?" ಎಂದು ಸುಬ್ಬರಾಯರು ಹತ್ತಿರ ಬಂದರು.

"ಸಾಹೇಬ್ರ, ಮುಂದಿನ ತಗಡು ಪ್ರೆಸ್ಸಿನ್ಯಾಗ ಒಂದ ಅಚ್ಚಿನಿಂದ ಬರ್ತದ. ಎಲ್ಲಾ ಕಾರಿಗೂ ಒಂದ. ಬಾಗಲದಿಂದ ಹಿಂದಿಂದು ನಮ್ಮ ಮಂದಿ ಸುತ್ತಿಗಿಲೆ ಬಡದು ಮಾಡೂದು. ಒಂದು ಕಾರ ಒಂದರಂಗ ಇರಂಗಿಲ್ಲ. ನಾವು ಕಾರಿನ ಹಂತ್ಯಾಕ ಹೋಗಿ, ಹಿಡದು ನೋಡಿ, ಅದಕ್ಕ ತಕ್ಕಂಗ ಕತ್ತರಿಸಿ ಕಟ್ಟಾಕತ್ತಿದ್ವಿ. ಅದಕ್ಕ ತಡಾ ಆಗ್ತಿತ್ತು. ರೂಢಿ ಬಿದ್ದು ನಮಗ ಅದು ತಿಳೀಲೇ ಇಲ್ರಿ."

ಸುಬ್ಬರಾಯರು ತಾವೇ ಅಳತೆ ಟೇಪು ತರಿಸಿ, ಮೊಣಕಾಲೂರಿ, ಒಂದೊಂದು ಕಾರನ್ನೂ ಅಳೆದರು. ಪ್ಯಾಂಟಿಗೆಲ್ಲ ಗ್ರೀಸು. ಎದ್ದು ನಿಂತು ತಲೆ ಕೆರೆದುಕೊಂಡರು.

"ಸರಿಯಾಗಿ ಹೇಳಿದ್ರಿ. ಹಾಗಾದ್ರೆ ಚೋಟಿ ಒಳಗೇ ಇರಬೇಕು ಅಂತೀರಾ?"

ಕಲ್ಯಾಣಪ್ಪ ಉತ್ತರ ಹೇಳುವ ಮುಂಚೆ ಶಿವದೇವಿ ಬಾಯಿ ಹಾಕಿದಳು. "ಮುಂದಿಂದು ಎಲ್ಲಾ ಕಾರಿಗೂ ಒಂದ ಅಂದ್ರ, ಅಷ್ಟು ನಾವು ಕಟ್ತೀವ್ರಿ. ಕಷ್ಟದ್ದೆಲ್ಲ ಮುಂದನ ಐತಿ, ಹಾರ್ನು, ವೈಪರು, ಮೀಟರು. ಹಿಂದಿಂದು ಬಾಲ ಇವರು ಕಾರ ನೋಡಿಕೊಂಡು ಕಟ್ಲಿ. ನಡುವ ಒಂದು ಜೋಡಣಿ ಇಟ್ರಾತು. ರೇಡಿಯೊದಾಗ ನಾವು ಹಂಗ ಮಾಡ್ತಿದ್ವಿ."

"ಜೋಡಣಿ ಬಾಗಲದ ಹಂತ್ಯಾಕ ಬ್ಯಾಡ, ನೀರು ಬೀಳ್ತದ," ಎಂದ ಕಲ್ಯಾಣಪ್ಪ.

"ಹಂಗಾರ ಸೀಟಿನ ಕೆಳಗ."

"ಸೀಟಿನ ಕೆಳಗ ಆದೀತು. ಆದ್ರ ಟೇಪು ಎರಡು ಸುತ್ತು ಹಾಕ್ರಿ."

"ಹಾಕ್ತೀವಿ. ನಿಮ್ಮ ವಯರಿನ ಬಣ್ಣ ಮಾತ್ರ ಬದಲಿ ಮಾಡಬ್ಯಾಡ್ರಿ, ಗೊಂದಲ ಆಗ್ತದ."

ಇಬ್ಬರೂ ತಾವು ಎಲ್ಲಿದ್ದೇವೆಂದು ಮರೆತು, ಕಾರಿನೊಳಗೆ ಅರ್ಧ ತೂರಿಕೊಂಡು ವಾದಿಸುತ್ತಿದ್ದರು. ಹೊರಗೆ ಕಾಣುತ್ತಿದ್ದದ್ದು ನಾಲ್ಕು ಕಾಲು ಮಾತ್ರ. ಸುಬ್ಬರಾಯರು ಸೂಗಮ್ಮನ ಕಡೆ ತಿರುಗಿ, "ಮನೇಲೂ ಹೀಗೇನಾ?" ಎಂದರು.

"ಮನ್ಯಾಗ ಮಾತ ಬಿಟ್ಟಿದ್ರು ಸಾಹೇಬ್ರ," ಎಂದಳು ಸೂಗಮ್ಮ. "ಇವತ್ತ ಶುರು ಆತು ನೋಡ್ರಿ!"

ಸುಬ್ಬರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ವೈಜನಾಥ ನಾಚಿಕೊಂಡು ಹೋಗಿ ಹೆಂಗಸರಿಗೆಲ್ಲ ಕ್ಯಾಂಟೀನಿನಿಂದ ಉಸ್ಮಾನಿಯಾ ಬಿಸ್ಕತ್ತು, ಚಹಾ ತಂದುಕೊಟ್ಟ.

ಅದೇ ಏರ್ಪಾಟು ನಿಂತಿತು. ಮೆಹದಿಪಟ್ಟಣಂನಿಂದ ಮುಂದಿನ ಚೋಟಿಗಳು ಆಟೋದಲ್ಲಿ ಬರುತ್ತಿದ್ದವು. ಅಷ್ಟರೊಳಗೆ ಕಲ್ಯಾಣಪ್ಪನ ಹುಡುಗರು ಹಿಂದಿನ ಬಾಲ ಕಟ್ಟಿ ಮುಗಿಸಿರುತ್ತಿದ್ದರು. ಅಂಗಳದ ಸಾಲು ಕರಗುತ್ತ ಕರಗುತ್ತ, ಒಂದು ಮಧ್ಯಾಹ್ನ ಪೂರ್ತಿ ಖಾಲಿಯಾಯಿತು. ಕೆಲಸಗಾರರು ಆ ಜಾಗದಲ್ಲಿ ವಾಲಿಬಾಲ್ ನೆಟ್ಟು ಕಟ್ಟಿದರು. ಕಲ್ಯಾಣಪ್ಪನ ಮಂಚ ಒಳಗೆ ಬಂತು. ಹಲಗೆ ಸೂಗಮ್ಮನ ಮನೆಯ ಮಾಳಿಗೆಗೆ ಹೋಯಿತು.

ಯುಗಾದಿಯ ಮರುದಿನ ಸುಬ್ಬರಾಯರು ಹೊಸ ಮೈನಾವೊಂದನ್ನು ಆ ಓಣಿಗೆ ಕಳಿಸಿದರು. ಚೋಟಿ ಕಟ್ಟಿದವರು ಒಮ್ಮೆಯಾದರೂ ಕಾರಿನಲ್ಲಿ ಕೂರಬೇಕು ಎಂದು ಅವರ ಮಾತು. ಸ್ಟೀರಿಂಗ್ ಹಿಡಿದವನು ವೈಜನಾಥ. ಮುಂದಿನ ಸೀಟಿಗೆ ಜಗಳ ಶುರುವಾಗುವಷ್ಟರಲ್ಲಿ ಅಂಬವ್ವ ಹೋಗಿ ಕೂತೇಬಿಟ್ಟಳು. ಹಿಂದೆ ಶಿವದೇವಿ, ಸೂಗಮ್ಮ, ಇನ್ನಿಬ್ಬರು ಒತ್ತಿಕೊಂಡು ಕೂತರು. ಕಲ್ಯಾಣಪ್ಪನಿಗೆ ಜಾಗವೇ ಸಿಗಲಿಲ್ಲ. ಅವನು ತನ್ನ ಹಳೇ ಸ್ಕೂಟರಿನಲ್ಲಿ ಹಿಂದಿನಿಂದ ಹೊರಟ.

ಗೋಲ್ಕೊಂಡದ ದಾರಿಯಲ್ಲಿ ಅಂಬವ್ವ ಹಾರ್ನಿನ ಗುಂಡಿ ಎಲ್ಲಿದೆಯೆಂದು ಕೇಳಿ ತಿಳಿದುಕೊಂಡಳು. ಆಮೇಲೆ ಕೂತಲ್ಲಿಂದಲೇ ಕೈ ಚಾಚಿ ಎಮ್ಮೆಗೆ, ಸೈಕಲ್ಲಿಗೆ, ಖಾಲಿ ರಸ್ತೆಗೆ, ಎಲ್ಲಕ್ಕೂ ಹಾರ್ನು. ಜನ ತಿರುಗಿ ತಿರುಗಿ ನೋಡಿದರು. ಸೂಗಮ್ಮ ಹಾಡು ತೆಗೆದಳು, ಉಳಿದವರು ದನಿಗೂಡಿಸಿದರು.

ಒಂದು ಸುತ್ತು ಮುಗಿಸಿ ಮನೆಯ ಮುಂದೆ ಕಾರು ನಿಂತಾಗ ಎಲ್ಲರೂ ಇಳಿದರು. ಅಂಬವ್ವ ಇಳಿಯಲಿಲ್ಲ.

"ಯವ್ವಾ, ಇಳಿ. ಮನಿ ಬಂತು," ಎಂದ ಕಲ್ಯಾಣಪ್ಪ.

"ಬರಲಿ. ನೀನೂ ಹತ್ತೋ ಕಲ್ಯಾಣಿ, ಈಗ ಹಿಂದ ಜಾಗ ಐತಿ. ಸ್ವಸೀನೂ ಕರಿ," ಎಂದು ಅಂಬವ್ವ ಸೆರಗು ಬಿಗಿದುಕೊಂಡು ನೆಟ್ಟಗೆ ಕೂತಳು. "ವೈಜನಾಥಾ, ನಡಿಯಪಾ. ಈ ಸಲ ಚಾರ್‌ಮಿನಾರ್ ನೋಡಿಕೊಂಡು ಬರೂಣು."